ಪೋರ್ಟ್ ಮಾಡುವ ಮುಂಚೆ ಒಮ್ಮೆ ಕರೆಂಟು ಹೋಗಲಿ

ಸಾಗರದ ಪೇಟೆಯಲ್ಲೋ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನ ಹತ್ತಿರವೋ ಕೊಡೆ ಹಾಕಿಕೊಂಡು ಸಿಮ್ ಮಾರುತ್ತ ಕೂತವರ ಬಳಿ ಜನ ಐದು ನಿಮಿಷದಲ್ಲಿ ಪೋರ್ಟ್ ಮಾಡಿಸುತ್ತಾರೆ, ಅಂದರೆ ನಂಬರು ಹಾಗೇ ಇಟ್ಟುಕೊಂಡು ಮೊಬೈಲ್ ಕಂಪನಿ ಬದಲಿಸುತ್ತಾರೆ. ಹೊಸ ಸಿಮ್ ಶುರುವಾದ ದಿನ ನೋಡಿದರೆ ಜಗಲಿಯಲ್ಲೂ ರೇಂಜ್ ಇಲ್ಲ. ಮರುದಿನವೇ ವಾಪಸ್ ಹೋಗೋಣವೆಂದರೆ ಆಗದು. ಒಂದು ಕಂಪನಿಗೆ ಸೇರಿದ ಮೇಲೆ 90 ದಿನ ಕಳೆಯದೆ ಮತ್ತೆ ಪೋರ್ಟ್ ಮಾಡಲು ಬರುವುದಿಲ್ಲ. ಜೂನ್ ಮೊದಲ ವಾರ ತಪ್ಪು ಮಾಡಿದವರಿಗೆ ಮಳೆಗಾಲ ಪೂರ್ತಿ ಅದೇ ಗತಿ. ಆದ್ದರಿಂದ ಪೋರ್ಟ್ ಕೇಳುವ ಮೆಸೇಜು ಕಳಿಸುವುದು ಕೊನೆಯ ಕೆಲಸ, ಮನೆಯಲ್ಲಿ ಪರೀಕ್ಷೆ ಮಾಡುವುದೇ ಮೊದಲ ಕೆಲಸ.

ಮೊದಲು ಮನೆಯೊಳಗೆ ಅಳೆಯಿರಿ

ಸೇರಬೇಕೆಂದಿರುವ ಕಂಪನಿಯ ಸಿಮ್ ಇರುವ ಫೋನನ್ನು ನೆಂಟರಿಂದಲೋ ಪಕ್ಕದ ಮನೆಯಿಂದಲೋ ಎರಡು ದಿನಕ್ಕೆ ಇಸಿದುಕೊಳ್ಳಿ. ಯಾರ ಬಳಿಯೂ ಇಲ್ಲದಿದ್ದರೆ ಚಿಕ್ಕ ರೀಚಾರ್ಜಿನ ಹೊಸ ಸಿಮ್ಮೇ ಕೊಳ್ಳಿ, ಆ ದುಡ್ಡು ದಂಡವಲ್ಲ.

ಪರದೆಯ ಮೇಲಿನ ಕಡ್ಡಿಗಳನ್ನು ನಂಬಬೇಡಿ. ಒಂದು ಫೋನು ಮೂರು ಕಡ್ಡಿ ತೋರಿಸುವಲ್ಲಿ ಇನ್ನೊಂದು ಒಂದೇ ತೋರಿಸುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’, ಅದರೊಳಗೆ ‘ಸಿಮ್ ಸ್ಟೇಟಸ್’ ತೆರೆದರೆ ಸಿಗ್ನಲ್ ಬಲ ಮೈನಸ್ ಅಂಕಿಯಲ್ಲಿ, ಡಿಬಿಎಂ ಎಂದು ಕಾಣುತ್ತದೆ. 4ಜಿಯಲ್ಲಿ ಮೈನಸ್ 85ರ ಆಸುಪಾಸು ಇದ್ದರೆ ಚೆನ್ನ. ಮೈನಸ್ 105ರ ತನಕ ನಿಭಾಯಿಸಬಹುದು. 115 ದಾಟಿತೆಂದರೆ ಮಾತು ತುಂಡುತುಂಡು. ಮೂರು ಅಂಕಿ ಇಳಿದರೆ ಶಕ್ತಿ ಅರ್ಧ, ಹತ್ತು ಇಳಿದರೆ ಹತ್ತನೇ ಒಂದು ಪಾಲು. ಹಾಗಾಗಿ 95ಕ್ಕೂ 105ಕ್ಕೂ ಅಂಥ ವ್ಯತ್ಯಾಸವೇನಿಲ್ಲ ಎಂದುಕೊಳ್ಳಬೇಡಿ. ಪ್ರತಿ ಜಾಗದಲ್ಲೂ ಏರೋಪ್ಲೇನ್ ಮೋಡ್ ಒಮ್ಮೆ ಹಾಕಿ ತೆಗೆದು, ಒಂದು ನಿಮಿಷ ಬಿಟ್ಟು ಓದಿ. ಎರಡು ಕಂಪನಿ ಹೋಲಿಸುವಾಗ ಎರಡೂ 4ಜಿಯಲ್ಲೇ ಇರಬೇಕು, 2ಜಿಯ ಅಂಕಿಯ ಲೆಕ್ಕವೇ ಬೇರೆ.

ಅಂಗಳದಲ್ಲಿ ನಿಂತು ಅಳೆದರೆ ಸಾಲದು. ಅಡುಗೆಮನೆ, ಹಿರಿಯರು ಮಲಗುವ ಕೋಣೆ, ಧರೆಗೆ ಒತ್ತಿಕೊಂಡಿರುವ ಹಿಂದಿನ ಕೋಣೆ, ಕೊಟ್ಟಿಗೆ, ಎಲ್ಲ ಕಡೆ ಅಳೆದು ಚೀಟಿಯಲ್ಲಿ ಬರೆದಿಡಿ. ರಾತ್ರಿ ಏಳರಿಂದ ಹತ್ತರವರೆಗೆ ಊರಿನವರೆಲ್ಲ ವಿಡಿಯೊ ನೋಡುವ ಹೊತ್ತು, ಆಗ ಅಂಕಿ ಚೆನ್ನಾಗಿದ್ದರೂ ಇಂಟರ್‌ನೆಟ್ ತೆವಳಬಹುದು. ಒಂದು ವಿಡಿಯೊ ಕಾಲ್ ಮಾಡಿಯೇ ನೋಡಿ. ಜೋರು ಮಳೆಯಲ್ಲೂ ಒಮ್ಮೆ ಅಳೆಯಿರಿ, ಒದ್ದೆ ಸೊಪ್ಪಿನ ಕಾಡು ಸಿಗ್ನಲ್ಲನ್ನು ಕುಡಿದುಬಿಡುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಕರೆಂಟು ಹೋದಾಗಿನ ಪರೀಕ್ಷೆ. ಲೈನ್ ಮೇಲೆ ಮರ ಬಿದ್ದು ಕರೆಂಟು ಹೋದರೆ ಟವರು ಮೊದಲು ಬ್ಯಾಟರಿಯ ಮೇಲೆ, ಆಮೇಲೆ ಜನರೇಟರಿನ ಮೇಲೆ ನಡೆಯಬೇಕು. ನಮ್ಮ ಮಲೆನಾಡಿನಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗುಡ್ಡವೋ ತೋಟವೋ ಇರುತ್ತದೆ, ಒಂದು ಟವರಿಗೆ ಸಿಗುವ ಗಿರಾಕಿಗಳು ಕಡಿಮೆ. ಅವರಿಂದ ಬರುವ ಹಣಕ್ಕೆ ಡೀಸೆಲ್ ಖರ್ಚು ಗಿಟ್ಟದು, ಹಾಗಾಗಿ ಬ್ಯಾಟರಿ ಮುಗಿದೊಡನೆ ಟವರು ಮಲಗಿಬಿಡಬಹುದು. ಕರೆಂಟು ಹೋದ ಗಂಟೆ, ಸಿಗ್ನಲ್ ಹೋದ ಗಂಟೆ ಎರಡನ್ನೂ ಬರೆದುಕೊಳ್ಳಿ. ಆರು ತಾಸು ತಡೆಯುವ ಕಂಪನಿಯನ್ನು, ವೇಗ ಕಡಿಮೆಯಿದ್ದರೂ ಸರಿ, ಕಣ್ಣು ಮುಚ್ಚಿ ಆರಿಸಿ.

ಕಂಪನಿಗಳು ತಮ್ಮ ಕವರೇಜ್ ನಕ್ಷೆಯನ್ನು ವೆಬ್‌ಸೈಟಿನಲ್ಲಿ ಹಾಕಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರಲ್ಲಿ ನಿಯಮ ಮಾಡಿದೆ. ಯಾವ ಕಂಪನಿಯನ್ನು ಪರೀಕ್ಷಿಸಬೇಕೆಂದು ತಿಳಿಯಲು ಆ ನಕ್ಷೆ ಸಾಕು, ತೀರ್ಮಾನಕ್ಕೆ ಸಾಲದು. 5ಜಿ ಎಂಬ ಗುರುತಿಗೂ ಮರುಳಾಗಬೇಡಿ. 3300 ಮೆಗಾಹರ್ಟ್ಸ್‌ನ 5ಜಿ ಗುಡ್ಡ, ಗೋಡೆ ದಾಟುವುದರಲ್ಲಿ ಬಹಳ ಹಿಂದೆ. ದೂರದ ಒಂಟಿ ಮನೆಗೆ ಮುಟ್ಟುವುದು 700, 900ರಂಥ ಕೆಳ ಆವರ್ತನಗಳೇ.

ಸರ್ಕಾರದ ಡಿಜಿಟಲ್ ಭಾರತ್ ನಿಧಿಯ ಹಣದಲ್ಲಿ ಎದ್ದ ಟವರು ಹತ್ತಿರವಿದ್ದರೆ ಪೋರ್ಟೇ ಬೇಡವಾಗಬಹುದು. ಕಂಪನಿಗಳ ಆದಾಯದ ಶೇ 5ರಷ್ಟು ಈ ನಿಧಿಗೆ ಹೋಗುತ್ತದೆ. ಲಾಭ ಬಾರದ ಊರಿಗೂ ಸಿಗ್ನಲ್ ಮುಟ್ಟಲಿ ಎಂಬುದೇ ಅದರ ಉದ್ದೇಶ. ಇಂಥ ಒಂದೇ 4ಜಿ ಟವರಿನಲ್ಲಿ ಬೇರೆ ಕಂಪನಿಯ ಸಿಮ್ಮೂ ಹಿಡಿಯುವ ವ್ಯವಸ್ಥೆ 2025ರ ಜನವರಿಯಲ್ಲಿ ಶುರುವಾಗಿದೆ. ಈಗಿರುವ ಸಿಮ್ಮನ್ನೇ ಅಲ್ಲಿ ಹಾಕಿ ನೋಡಿ.

ಆನ್‌ಲೈನಿನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ಮಾತ್ರ ಖಂಡಿತ ಬೇಡ. ಖಾಸಗಿಯಾಗಿ ಅದನ್ನು ಇಟ್ಟುಕೊಳ್ಳುವುದು ಕಾನೂನುಬಾಹಿರ. ಅದರ ಗದ್ದಲ ಟವರಿಗೆ ನುಗ್ಗಿ ಅಕ್ಕಪಕ್ಕದವರ ಕರೆಗಳೂ ಕೆಡುತ್ತವೆ. ಮನೆಗೆ ಫೈಬರ್ ಬಂದಿದ್ದರೆ ಫೋನಿನಲ್ಲಿ ವೈಫೈ ಕಾಲಿಂಗ್ (ಟವರಿನ ಬದಲು ಮನೆಯ ಇಂಟರ್‌ನೆಟ್ ಮೂಲಕ ಕರೆ) ಹಾಕಿಕೊಳ್ಳಿ, ಅರ್ಧ ತಾಪತ್ರಯ ಅಲ್ಲಿಗೇ ಮುಗಿಯುತ್ತದೆ.

ಫೋನು, ಹೆಸರು, ಬಾಕಿ

ಮನೆಯ ಹಿರಿಯರ ಹಳೆಯ ಕೀಪ್ಯಾಡ್ ಫೋನು ಬರೀ 2ಜಿಯದಾಗಿದ್ದರೆ ಅದರಲ್ಲಿ ಜಿಯೋ ಸಿಮ್ ನಡೆಯುವುದಿಲ್ಲ, ಆ ಕಂಪನಿಗೆ 2ಜಿಯೇ ಇಲ್ಲ. ನಂಬರು ತೀರಿಕೊಂಡವರ ಹೆಸರಲ್ಲಿದ್ದರೆ ಮೊದಲು ಹೆಸರು ವರ್ಗಾಯಿಸಿ. ಪೋಸ್ಟ್‌ಪೇಯ್ಡ್ ಬಾಕಿ ತೀರಿಸಿ.

ಹಲವರು ಮುಗ್ಗರಿಸುವುದು ಸಿಮ್ ಬದಲಾವಣೆಯಲ್ಲಿ. ಸಿಮ್ ಕಳೆದುಹೋಯಿತೆಂದೋ, ಕೆಟ್ಟುಹೋಯಿತೆಂದೋ ಹೊಸ ಕಾರ್ಡು ತೆಗೆದುಕೊಂಡಿದ್ದರೆ 7 ದಿನ ಪೋರ್ಟಿಗೆ ಬೇಕಾದ ಕೋಡ್ ಸಿಗುವುದಿಲ್ಲ. ಮೋಸಗಾರರು ನಕಲಿ ಸಿಮ್ ತೆಗೆದು ನಂಬರು ಹಾರಿಸುತ್ತಿದ್ದುದರಿಂದ 2024ರ ಜುಲೈ 1ರಿಂದ ಈ ನಿಯಮ ಬಂದಿದೆ.

ಮೆಸೇಜು

ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಒಂದು ಜಾಗ ಬಿಟ್ಟು, ಹತ್ತಂಕಿಯ ನಂಬರು ಹಾಕಿ 1900ಕ್ಕೆ ಕಳಿಸಿ. ಎಸ್ಸೆಮ್ಮೆಸ್ ಇಲ್ಲದ ಸಣ್ಣ ರೀಚಾರ್ಜಿನವರಿಗೂ ಈ ಮೆಸೇಜು ಹೋಗಬೇಕು, ಟ್ರಾಯ್ 2021ರ ಡಿಸೆಂಬರಿನಲ್ಲೇ ಹಾಗೆ ಆದೇಶಿಸಿದೆ. ಎಂಟು ಅಕ್ಷರದ ಕೋಡ್ ಬರುತ್ತದೆ, ಅದರ ಆಯುಷ್ಯ 4 ದಿನ. ಮನೆಯಲ್ಲಿ ಕೂತು ತರಿಸಿಕೊಂಡು ‘ಸಂತೆ ದಿನ ಪೇಟೆಗೆ ಹೋಗುತ್ತೇವಲ್ಲ’ ಎಂದು ಕಾದರೆ ಕೋಡ್ ಸತ್ತಿರುತ್ತದೆ. ಅಂಗಡಿಗೆ ಹೋದ ದಿನವೇ ಕಳಿಸಿ. ಆಧಾರ್ ಕೊಟ್ಟರೆ ಉಳಿದದ್ದನ್ನು ಅವರೇ ಮಾಡುತ್ತಾರೆ. ಪೋರ್ಟ್ ಶುಲ್ಕ 6 ರೂಪಾಯಿ 46 ಪೈಸೆ ಮಾತ್ರ, ನೂರಿನ್ನೂರು ಕೇಳಿದರೆ ಎದ್ದು ಬನ್ನಿ. ವರ್ಷದ ರೀಚಾರ್ಜ್ ಹಾಕಿಸಿ ಎಂದು ಒತ್ತಾಯಿಸಿದರೂ ಮೊದಲ ಸಲ 28 ದಿನದ್ದೇ ಸಾಕು.

ಮನಸ್ಸು ಬದಲಾದರೆ 24 ತಾಸಿನೊಳಗೆ ಕ್ಯಾನ್ಸಲ್ ಎಂದು ಬರೆದು ನಂಬರಿನೊಂದಿಗೆ ಅದೇ 1900ಕ್ಕೆ ಕಳಿಸಿ. ಕರ್ನಾಟಕದೊಳಗಿನ ಪೋರ್ಟಿಗೆ 3 ಕೆಲಸದ ದಿನ. ಹಳೆಯ ಸಿಮ್ ಪೂರ್ತಿ ಸಾಯುವ ತನಕ ಫೋನಿನಿಂದ ತೆಗೆಯಬೇಡಿ. ಅದರಲ್ಲಿ ಉಳಿದ ಬ್ಯಾಲೆನ್ಸ್ ಹೊಸದಕ್ಕೆ ಬರುವುದಿಲ್ಲ.

ಆಮೇಲೂ ಸಿಗ್ನಲ್ ಇಲ್ಲದಿದ್ದರೆ

ಕಂಪನಿಯ ದೂರಿನ ನಂಬರು 198ಕ್ಕೆ ಫೋನ್ ಮಾಡಿ, ನಿಮ್ಮ ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಆ ಸಂಖ್ಯೆಯಿಲ್ಲದ ದೂರು ದೂರೇ ಅಲ್ಲ. ಪರಿಹಾರ ಸಿಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ, ಶುಲ್ಕವಿಲ್ಲ. ಟ್ರಾಯ್‌ಗೆ ಪತ್ರ ಬರೆದು ಕಾಯುವುದು ವ್ಯರ್ಥ, ಒಬ್ಬೊಬ್ಬರ ದೂರನ್ನು ಅದು ವಿಚಾರಿಸುವುದಿಲ್ಲ. ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಮೊಬೈಲ್ ಗ್ರಾಹಕರಿಗೆ ಆ ದಾರಿ ಇದೆಯೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ.

ಇಡೀ ಜಿಲ್ಲೆಯಲ್ಲಿ 24 ತಾಸಿಗಿಂತ ಹೆಚ್ಚು ಸೇವೆ ನಿಂತರೆ ಪೋಸ್ಟ್‌ಪೇಯ್ಡ್‌ನವರಿಗೆ ಬಿಲ್ಲಿನ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್‌ನವರಿಗೆ ಹೆಚ್ಚುವರಿ ದಿನ ಕೊಡಬೇಕೆಂಬ ನಿಯಮವಿದೆ, ಪ್ರಕೃತಿ ವಿಕೋಪಕ್ಕೆ ಮಾತ್ರ ವಿನಾಯಿತಿ. ಒಂದು ಊರಿನ ಟವರು ಮಲಗಿದರೆ ಇದು ಅನ್ವಯಿಸದು. ಆಗ ಕರೆಂಟು ಹೋದ, ಸಿಗ್ನಲ್ ಹೋದ, ವಾಪಸ್ ಬಂದ ಹೊತ್ತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟು, ಹತ್ತು ಮನೆಯವರು ಒಂದೇ ದಿನ 198ಕ್ಕೆ ಬೇರೆ ಬೇರೆಯಾಗಿ ದೂರು ಕೊಡಿ. ಹತ್ತು ಸಂಖ್ಯೆಗಳನ್ನೂ ಒಂದೇ ಹಾಳೆಯಲ್ಲಿ ಬರೆದು ಮೇಲ್ಮನವಿಗೆ ಲಗತ್ತಿಸಿ.