ಸ್ಲೈಡ್ ನೋಡಿ ಅಂಗಾಂಶ ಗುರುತಿಸುವುದು ಹೇಗೆ?

ನಾನು ಹಿಸ್ಟಾಲಜಿ (ಅಂಗಾಂಶಗಳ ಅಧ್ಯಯನ) ಲ್ಯಾಬಿನಲ್ಲಿ ಪಾಠ ಮಾಡುತ್ತೇನೆ. ಹೊಸಬರು ಸ್ಲೈಡ್ ಇಟ್ಟ ತಕ್ಷಣ ಮೈಕ್ರೋಸ್ಕೋಪಿನ 40ಎಕ್ಸ್ (40 ಪಟ್ಟು ದೊಡ್ಡದು ಮಾಡುವ) ಲೆನ್ಸ್‌ಗೆ ಕೈ ಹಾಕುತ್ತಾರೆ. ಬೇಡ. ಮೊದಲು 4ಎಕ್ಸ್‌ನಲ್ಲಿ ಇಡೀ ತುಣುಕನ್ನು ಒಂದು ಸುತ್ತು ನೋಡಿ. ಬಣ್ಣವನ್ನಂತೂ ನಂಬಲೇಬೇಡಿ. ಮಾಮೂಲಿ ಹೆಮಟಾಕ್ಸಿಲಿನ್–ಇಯೋಸಿನ್ ಎಂಬ ಎರಡು ಬಣ್ಣ ಹಾಕಿದ ಸ್ಲೈಡಿನಲ್ಲಿ ಕೋಶಕೇಂದ್ರ ನೀಲಿ-ನೇರಳೆ. ಉಳಿದದ್ದು ಹೆಚ್ಚುಕಮ್ಮಿ ಗುಲಾಬಿ. ಸ್ನಾಯುವೂ ಗುಲಾಬಿ, ಕೊಲಾಜನ್ ಅನ್ನುವ ಪ್ರೋಟೀನ್ ನಾರೂ ಗುಲಾಬಿ!

ಬಣ್ಣದ ಬದಲು ಜೀವಕೋಶಗಳ ನಡುವೆ ಎಷ್ಟು ಜಾಗ ಇದೆ ಅಂತ ನೋಡಿ.

ಕೋಶಗಳು ಒತ್ತೊತ್ತಾಗಿ ಕೂತು, ಒಂದು ಬದಿ ಖಾಲಿ ಜಾಗಕ್ಕೆ ತೆರೆದುಕೊಂಡಿದ್ದರೆ ಅನುಲೇಪಕ ಅಂಗಾಂಶ. ಈಗ ಪದರ ಎಣಿಸಿ. ಪದರ ಜಾಸ್ತಿ ಇದ್ದರೆ ಎಲ್ಲಕ್ಕಿಂತ ಮೇಲಿನ ಕೋಶಗಳ ಆಕಾರ ನೋಡಿ ಹೆಸರು ಹೇಳಬೇಕು. ಅನ್ನನಾಳದ ಒಳಪದರದಲ್ಲಿ ಬುಡದ ಕೋಶಗಳು ಎತ್ತರವಾಗಿದ್ದರೂ ಮೇಲಿನವು ಚಪ್ಪಟೆ. ಹಾಗಾಗಿ ಅದು ಬಹುಪದರದ ಚಪ್ಪಟೆ ಅಂಗಾಂಶ. ಶ್ವಾಸನಾಳ ಮಾತ್ರ ಮೋಸ ಮಾಡುತ್ತದೆ. ಕೋಶಕೇಂದ್ರಗಳು ಮೇಲೆ ಕೆಳಗೆ ಇರುವುದರಿಂದ ಎರಡು-ಮೂರು ಪದರ ಕಂಡ ಹಾಗಾಗುತ್ತದೆ. ಆದರೆ ಪ್ರತಿ ಕೋಶದ ಬುಡವೂ ತಳಪೊರೆಗೆ (ಕೋಶಗಳು ಕೂತಿರುವ ತೆಳು ಹಾಳೆ) ತಾಗಿಕೊಂಡೇ ಇರುತ್ತದೆ. ಇರುವುದು ಒಂದೇ ಪದರ.

ಕೋಶಗಳು ಚದುರಿಕೊಂಡು, ನಡುವೆ ನಾರೋ ಇನ್ನೇನೋ ತುಂಬಿದ್ದರೆ ಸಂಯೋಜಕ ಅಂಗಾಂಶ. ಮೂಳೆ, ಮೃದ್ವಸ್ಥಿ (ಕಿವಿಯಲ್ಲಿರುವಂಥ ಮೆತ್ತನೆ ಮೂಳೆ), ರಕ್ತ ಎಲ್ಲ ಇದೇ ಗುಂಪು. ಕೊಬ್ಬೂ ಇಲ್ಲಿಯದೇ, ಆದರೆ ಕೋಶಗಳು ಖಾಲಿ ಕಾಣುತ್ತವೆ. ಸ್ಲೈಡ್ ಮಾಡುವಾಗ ಕೊಬ್ಬು ಕರಗಿಹೋಗಿರುತ್ತದೆ ಅಲ್ವಾ? ಕೇಂದ್ರ ಅಂಚಿಗೆ ಒತ್ತಿಕೊಂಡು, ಕೋಶ ಹರಳಿನ ಉಂಗುರದ ಹಾಗೆ ಕಾಣುತ್ತದೆ.

ಉದ್ದನೆಯ ಕೋಶಗಳಾದರೆ ಸ್ನಾಯು ಇರಬಹುದು. ಈಗ 40ಎಕ್ಸ್‌ಗೆ ಹೋಗಿ. ಅಂಚಿನಲ್ಲಿ ಹಲವು ಕೇಂದ್ರ, ಅಡ್ಡಪಟ್ಟೆ ಇದ್ದರೆ ಅಸ್ಥಿಸ್ನಾಯು. ಕವಲೊಡೆದ ಕೋಶ, ನಡುವೆ ಒಂದೋ ಎರಡೋ ಕೇಂದ್ರ, ಜೊತೆಗೆ ಪಟ್ಟೆ ಇದ್ದರೆ ಹೃದಯಸ್ನಾಯು. ನಡುವೆ ಒಂದೇ ಕೇಂದ್ರ, ಪಟ್ಟೆಯೇ ಇಲ್ಲ ಅಂದರೆ ಪಟ್ಟೆರಹಿತ ಸ್ನಾಯು. ಪಟ್ಟೆ ಕಾಣದಿದ್ದರೆ ಗಾಬರಿ ಬೇಡ, ಮೈಕ್ರೋಸ್ಕೋಪಿನಲ್ಲಿ ಬೆಳಕು ಹೆಚ್ಚುಕಮ್ಮಿ ಮಾಡುವ ಡಯಾಫ್ರಮ್ ಸ್ವಲ್ಪ ಮುಚ್ಚಿ ನೋಡಿ.

ನರ ಅಂಗಾಂಶಕ್ಕೆ ಮೆದುಳುಬಳ್ಳಿಯ ಸ್ಲೈಡ್ ಸುಲಭ. ದೊಡ್ಡ ಕೋಶ, ತಿಳಿಯಾದ ಕೇಂದ್ರ, ಅದರೊಳಗೆ ಒಂದು ಕಡು ಚುಕ್ಕೆ.

ಪರೀಕ್ಷೆಯಲ್ಲಿ ಜಾಸ್ತಿ ಜನ ಎಡವುವುದು ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರಿನ ಹುರಿ) ಮತ್ತು ಪಟ್ಟೆರಹಿತ ಸ್ನಾಯುವಿನ ನಡುವೆ. ಎರಡೂ ಗುಲಾಬಿ, ಎರಡೂ ಗೆರೆಗೆರೆ. ಕೇಂದ್ರವನ್ನೇ ಹಿಡಿಯಿರಿ. ಸ್ನಾಯುವಿನಲ್ಲಿ ಅದು ಗುಲಾಬಿ ಭಾಗದ ಒಳಗೇ ಇರುತ್ತದೆ. ರಜ್ಜುವಿನಲ್ಲಿ ಎರಡು ನಾರುಗಳ ಸಂದಿಯಲ್ಲಿ ಸಿಕ್ಕಿಕೊಂಡು ತೆಳ್ಳಗಾಗಿರುತ್ತದೆ.