ಡೈಲೇಷನ್‌ಗೆ ಯಾವ ಜೆಲ್? ಬಾಟಲಿ ತಿರುಗಿಸಿ ಓದಿ

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಒಂದು ಸಲದ ಡೈಲೇಷನ್‌ಗೆ (ಸರ್ಜರಿಯಿಂದ ಮಾಡಿದ ಯೋನಿ ಕುಗ್ಗದಂತೆ ಡೈಲೇಟರ್ ಎಂಬ ಉದ್ದನೆಯ ಸಾಧನವನ್ನು ಒಳಗೆ ಇಡುವುದಕ್ಕೆ) ಎರಡು ಟೀ ಚಮಚ ಜೆಲ್ ಬೇಕು ಅಂದುಕೊಳ್ಳಿ, ಅಂದರೆ ಸುಮಾರು 10 ಮಿ.ಲೀ. ದಿನಕ್ಕೆ ಮೂರು ಸಲ ಮಾಡಿದರೆ 30 ಮಿ.ಲೀ. ಮೆಡಿಕಲ್ ಶಾಪ್‌ನಿಂದ ತಂದ 50 ಮಿ.ಲೀ. ಟ್ಯೂಬ್ ಎರಡು ದಿನವೂ ಪೂರ್ತಿ ಬರುವುದಿಲ್ಲ. ಆಗಲೇ ಕೈ ಕೊಬ್ಬರಿ ಎಣ್ಣೆಯ ಡಬ್ಬಿಯ ಕಡೆ ಹೋಗುವುದು. ವಜೈನೋಪ್ಲಾಸ್ಟಿ, ಅಂದರೆ ಹೊಸ ಯೋನಿ ರೂಪಿಸುವ ಸರ್ಜರಿ, ಮಾಡಿಸಿಕೊಂಡ ಟ್ರಾನ್ಸ್ ಮಹಿಳೆಯರು ಮನೆಗೆ ಹೋಗುವ ಮುಂಚೆಯೇ ಜೆಲ್‌ನ ಬಗ್ಗೆ ಯೋಚಿಸಿಡಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಹೊಸ ಯೋನಿಯನ್ನು ದೇಹ ಮೊದಮೊದಲು ಗಾಯ ಅಂತಲೇ ತಿಳಿಯುತ್ತದೆ. ಗಾಯ ಕೂಡಿಕೊಳ್ಳುತ್ತದಲ್ಲ, ಹಾಗೆ ಅದೂ ಕುಗ್ಗಲು ನೋಡುತ್ತದೆ. ಆಳ, ಅಗಲ ಉಳಿಯಬೇಕಾದರೆ ಡೈಲೇಟರ್ ಬೇಕು. ಮೊದಲ ಕೆಲವು ತಿಂಗಳು ದಿನಕ್ಕೆ ಎರಡು ಮೂರು ಸಲ, ಆಮೇಲೆ ನಿಧಾನವಾಗಿ ಕಡಿಮೆ. ಎಷ್ಟು ಸಲ, ಎಷ್ಟು ಹೊತ್ತು ಎನ್ನುವುದಕ್ಕೆ ನಿಮ್ಮ ಸರ್ಜನ್ ಕೊಟ್ಟ ಚಾರ್ಟೇ ಕೊನೆಯ ಮಾತು.

ಜೆಲ್ ಯಾಕೆ ಇಷ್ಟು ಮುಖ್ಯ? ಶಿಶ್ನದ ಚರ್ಮವನ್ನು ಒಳಮಗುಚಿ ಮಾಡುವ ಸರ್ಜರಿಯಲ್ಲಿ ಒಳಗಿನ ಪದರ ಚರ್ಮದ್ದೇ. ಅದು ತಾನಾಗಿ ಒದ್ದೆಯಾಗುವುದಿಲ್ಲ. ಕರುಳಿನ ತುಂಡಿನಿಂದ ಮಾಡಿದ್ದರೆ ಲೋಳೆ ತಾನೇ ಬರುತ್ತದೆ, ಆದರೂ ಡೈಲೇಟರ್‌ಗೆ ಜೆಲ್ ಹಚ್ಚುವುದು ತಪ್ಪುವುದಿಲ್ಲ.

ಮೊದಲು ಡೈಲೇಟರ್ ಮುಟ್ಟಿ ನೋಡಿ

ಅದು ಗಟ್ಟಿ ಪ್ಲಾಸ್ಟಿಕ್ಕಾ, ಮೆತ್ತಗಿನ ಸಿಲಿಕೋನಾ? ಸಿಲಿಕೋನ್ ಡೈಲೇಟರ್‌ಗೆ ಸಿಲಿಕೋನ್ ಜೆಲ್ ಹಚ್ಚಿದರೆ ಅದರ ಮೈ ಅಂಟಂಟಾಗಿ, ತರಿತರಿಯಾಗಿ ಹಾಳಾಗಬಹುದು. ಗಟ್ಟಿ ಪ್ಲಾಸ್ಟಿಕ್‌ಗೆ ಆ ತೊಂದರೆ ಇಲ್ಲ, ಆದರೆ ಸಿಲಿಕೋನ್ ಜೆಲ್ ಒಳಗಿನಿಂದ ಬೇಗ ತೊಳೆದು ಹೋಗುವುದಿಲ್ಲ. ನೀರಿನ ಆಧಾರದ ಜೆಲ್ ಎರಡಕ್ಕೂ ಹೊಂದುತ್ತದೆ. ಹೊಸದಾಗಿ ಶುರು ಮಾಡುವವರು ಅದನ್ನೇ ತಗೊಳ್ಳಿ. ಅಂಗಡಿಯಲ್ಲಿ 'ವಾಟರ್ ಬೇಸ್ಡ್ ಲೂಬ್ರಿಕೆಂಟ್ ಜೆಲ್ ಕೊಡಿ' ಅಂದರೆ ಸಾಕು. ಯಾಕೆ ಏನು ಅಂತ ಯಾರಿಗೂ ವಿವರಿಸಬೇಕಿಲ್ಲ.

ಆಮೇಲೆ ಹಿಂದಿನ ಸಣ್ಣ ಅಕ್ಷರ

ಮುಂದಿನ ಚಂದದ ಚಿತ್ರವನ್ನು ನಂಬಬೇಡಿ. ಹಿಂದಿನ ಪಟ್ಟಿಯನ್ನು ಫೋನ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಮೊದಲ ಹೆಸರು ವಾಟರ್ ಅಥವಾ ಆಕ್ವಾ ಆಗಿರಬೇಕು. ಡೈಮೆಥಿಕೋನ್ ಅಥವಾ ಸಿಲೋಕ್ಸೇನ್ ಅಂತ ಕೊನೆಯಾಗುವ ಹೆಸರು ಕಂಡರೆ ಅದರಲ್ಲಿ ಸಿಲಿಕೋನ್ ಇದೆ ಅಂತ ಅರ್ಥ.

ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಪಟ್ಟಿಯ ಮೇಲ್ಗಡೆ ಇದ್ದರೆ ಯೋಚಿಸಿ. ಇವು ಜಾಸ್ತಿ ಇದ್ದರೆ ಜೆಲ್ ದೇಹದ ಜೀವಕೋಶಗಳಿಂದ ನೀರು ಎಳೆದುಕೊಳ್ಳುತ್ತದೆ, ಉರಿ ಬರಬಹುದು. ಈ ಗುಣವನ್ನು ಅಳೆಯುವ ಅಂಕಿಗೆ ಆಸ್ಮೊಲಾಲಿಟಿ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಇದು 380ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು, ಸದ್ಯಕ್ಕೆ 1200ರವರೆಗೆ ಒಪ್ಪಬಹುದು ಎಂದು ಹೇಳಿತು. ಎಲ್ಲ ಕಂಪನಿಗಳೂ ಈ ಅಂಕಿ ಅಚ್ಚು ಹಾಕುವುದಿಲ್ಲ, ಅದಕ್ಕೇ ಪಟ್ಟಿ ಓದಬೇಕು.

ಪರಿಮಳ, ಸ್ಟ್ರಾಬೆರಿ ರುಚಿ, ಬಿಸಿ ಅಥವಾ ತಣ್ಣನೆ ಅನುಭವ ಕೊಡುವಂಥವು ಬೇಡವೇ ಬೇಡ. ವೀರ್ಯಾಣು ಕೊಲ್ಲುವ ನೊನಾಕ್ಸಿನಾಲ್-9 ಇರುವುದೂ ಬೇಡ. ಹೊಲಿಗೆ ವಾಸಿಯಾಗುತ್ತಿರುವ ಜಾಗ ಅದು. ಸಪ್ಪೆ ಜೆಲ್ಲೇ ಒಳ್ಳೆಯ ಜೆಲ್.

ಕೊಬ್ಬರಿ ಎಣ್ಣೆ ಯಾಕೆ ಬೇಡ

ನಮ್ಮ ಮನೆಗಳಲ್ಲಿ ತಲೆಗೂ ಅದೇ, ಒಡೆದ ಹಿಮ್ಮಡಿಗೂ ಅದೇ. ಹಾಗಾಗಿ ಇದಕ್ಕೂ ಆಗುತ್ತೆ ಅನ್ನಿಸುವುದು ಸಹಜ. ಆದರೆ ಹೊಸ ಯೋನಿ ಒಂದು ಕಡೆ ಮುಚ್ಚಿದ ದಾರಿ. ನೀರಿಗೆ ಕರಗದ ಎಣ್ಣೆ ಅದರೊಳಗೆ ಉಳಿದುಕೊಳ್ಳುತ್ತದೆ, ವಾಸನೆ, ಕಿರಿಕಿರಿ ಶುರುವಾಗಬಹುದು. ಕೆಲವರು ಡೈಲೇಟರ್‌ಗೆ ಕಾಂಡೋಮ್ ಹಾಕಿ ಬಳಸುತ್ತಾರೆ. ಎಣ್ಣೆ ತಾಗಿದರೆ ಲ್ಯಾಟೆಕ್ಸ್ ಕಾಂಡೋಮ್ ಹರಿಯಬಹುದು. ವ್ಯಾಸಲೀನ್‌ಗೂ ಇದೇ ಮಾತು. ಸ್ಕ್ಯಾನಿಂಗ್ ಸೆಂಟರ್‌ನ ಅಲ್ಟ್ರಾಸೌಂಡ್ ಜೆಲ್ ಅಗ್ಗ, ನೀರಿನದೇ. ಆದರೆ ಅದನ್ನು ಮಾಡಿರುವುದು ಹೊರ ಚರ್ಮಕ್ಕೆ.

ಇನ್ನೊಂದಿದೆ: ಮರಗಟ್ಟಿಸುವ ಲಿಗ್ನೋಕೇನ್ ಜೆಲ್. ನೋವಿಗೆ ಹೆದರಿ ಇದನ್ನು ಹಚ್ಚಿಕೊಳ್ಳಬೇಕು ಅನ್ನಿಸುತ್ತದೆ, ಆ ಭಯ ನನಗೆ ಅರ್ಥವಾಗುತ್ತದೆ. ಆದರೆ 'ಇಲ್ಲಿ ತಪ್ಪಾಗುತ್ತಿದೆ, ನಿಲ್ಲಿಸು' ಅಂತ ಹೇಳುವುದು ನೋವೇ ಅಲ್ವಾ? ಅದನ್ನು ಸುಮ್ಮನಾಗಿಸಿದರೆ ಒಳಗೆ ಹರಿದರೂ ಗೊತ್ತಾಗುವುದಿಲ್ಲ. ಸರ್ಜನ್ ಹೇಳಿದರೆ ಮಾತ್ರ, ಹೇಳಿದಷ್ಟೇ.

ಬಳಸುವ ಮುಂಚೆ, ಬಳಸುವಾಗ

ಹೊಸ ಜೆಲ್ ತಂದ ದಿನವೇ ಒಳಗೆ ಹಾಕಬೇಡಿ. ಮುಂಗೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಕಾಯಿರಿ. ತುರಿಕೆ, ಕೆಂಪು ಕಂಡರೆ ಬೇರೆ ನೋಡಿ.

ಕೈ ತೊಳೆದು, ಡೈಲೇಟರ್‌ನ ತುದಿಗೂ ಮೈಗೂ ಧಾರಾಳವಾಗಿ ಹಚ್ಚಿ. ಯೋನಿಯ ಬಾಯಿಗೂ ಸ್ವಲ್ಪ ಹಚ್ಚಿ. ಇಲ್ಲಿ ಜಿಪುಣತನ ಬೇಡ. ಮಧ್ಯದಲ್ಲಿ ಒಣಗಿ ಅಂಟಿದರೆ ಎಳೆದಾಡಬೇಡಿ. ಕೈಯಲ್ಲಿ ಎರಡು ಹನಿ ಶುದ್ಧ ನೀರು ತಾಗಿಸಿದರೆ ನೀರಿನ ಜೆಲ್ ಮತ್ತೆ ಜಾರುತ್ತದೆ. ಪಂಪ್ ಇರುವ ದೊಡ್ಡ ಬಾಟಲಿ ಸಿಕ್ಕರೆ ಒಳ್ಳೆಯದು, ಖರ್ಚು ಕಡಿಮೆ, ಬಾಟಲಿಯ ಬಾಯಿಗೆ ಬೆರಳೂ ತಾಗುವುದಿಲ್ಲ.

ಮುಗಿದ ಮೇಲೆ ಡೈಲೇಟರ್ ಅನ್ನು ಮೃದು ಸೋಪು, ಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿ. ಉಳಿದ ಜೆಲ್ ಸೋರಿ ಬರುತ್ತದೆ, ಪ್ಯಾಡ್ ಇಟ್ಟುಕೊಳ್ಳಿ. ಒಳಗೆ ನೀರು ಹಾಯಿಸಿ ತೊಳೆಯುವುದು ಯಾವಾಗಿನಿಂದ ಅಂತ ಸರ್ಜನ್ ಹತ್ತಿರ ಕೇಳಿಕೊಳ್ಳಿ.

ಡೈಲೇಟರ್ ಮೇಲೆ ರಕ್ತದ ಚಿಕ್ಕ ಗುರುತು ಮೊದಲ ವಾರಗಳಲ್ಲಿ ಕಾಣಬಹುದು. ರಕ್ತ ನಿಲ್ಲದಿದ್ದರೆ, ಕೆಟ್ಟ ವಾಸನೆಯ ಸ್ರಾವ ಅಥವಾ ಜ್ವರ ಬಂದರೆ, ನಿನ್ನೆ ಹೋದ ಸೈಜು ಇವತ್ತು ಹೋಗದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ. ಯೋನಿಯಿಂದ ಹೊಟ್ಟೆಯ ಗಾಳಿ ಅಥವಾ ಮಲ ಬಂದಂತೆ ಕಂಡರೆ ಡೈಲೇಷನ್ ನಿಲ್ಲಿಸಿ ಅವತ್ತೇ ಹೊರಡಿ. ಬಳಸುತ್ತಿರುವ ಜೆಲ್‌ನ ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ, ಡಾಕ್ಟರ್ ಪಟ್ಟಿ ಓದಲಿ.