ಬಾಯ್ಲರ್ ಕೇಳಲು ಹೋದೆ, ಮೊದಲು ಅಟ್ಟ ಖಾಲಿ ಮಾಡಿ ಅಂದರು

2022ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ತುಂಬ ಹಿಮ ಬಿದ್ದ ವಾರ, ನಮ್ಮ ಮಲಗುವ ಕೋಣೆಯ ಥರ್ಮಾಮೀಟರ್ ಬೆಳಿಗ್ಗೆ 12 ಡಿಗ್ರಿ ತೋರಿಸುತ್ತಿತ್ತು. ನಮ್ಮನೆಯವರಿಗೆ ಹಿಂದಿನ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಆಸ್ಪತ್ರೆಯವರು ಕೊಟ್ಟ ಹಾಳೆಯಲ್ಲಿ ಮನೆಯನ್ನು ಕನಿಷ್ಠ 18 ಡಿಗ್ರಿಯಲ್ಲಿ ಇಟ್ಟುಕೊಳ್ಳಿ ಎಂದಿತ್ತು. ಇಡುವುದು ಹೇಗೆ? ಆ ಚಳಿಗಾಲ ಸರ್ಕಾರ ದರಕ್ಕೆ ತಡೆ ಹಾಕಿದ ಮೇಲೂ ಸಾಮಾನ್ಯ ಮನೆಯ ಗ್ಯಾಸು, ಕರೆಂಟು ಸೇರಿ ವರ್ಷಕ್ಕೆ 2,500 ಪೌಂಡ್. ಅವರು ಡೆಲಿವರಿ ವ್ಯಾನ್ ಓಡಿಸುವುದನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿಕೊಂಡಿದ್ದರು. ನನ್ನದು ಶಾಲೆಯ ಅಡುಗೆಮನೆಯಲ್ಲಿ ಅರ್ಧ ದಿನದ ಕೆಲಸ. ಇಬ್ಬರದೂ ಸೇರಿದರೆ ವರ್ಷಕ್ಕೆ 24 ಸಾವಿರ ಪೌಂಡ್ ಆಸುಪಾಸು. ಸಂಜೆ ಎರಡು ಗಂಟೆ ಹೀಟಿಂಗ್ ಹಾಕಿ ಆರಿಸುತ್ತಿದ್ದೆವು, ಅರ್ಧ ಗಂಟೆಯಲ್ಲಿ ಮನೆ ಮತ್ತೆ ತಣ್ಣಗಾಗುತ್ತಿತ್ತು.

ತಪ್ಪೆಲ್ಲ ಬಾಯ್ಲರಿನದು, ಅಂದರೆ ಗ್ಯಾಸಿನಲ್ಲಿ ನೀರು ಕಾಯಿಸಿ ಕೋಣೆಗಳ ರೇಡಿಯೇಟರಿಗೆ ಕಳಿಸುವ ಯಂತ್ರದ್ದು, ಅಂತ ನಾವು ತೀರ್ಮಾನಿಸಿದ್ದೆವು. ಅದೂ ಹಳೆಯದೇ, ಈ ಮನೆ ಕೊಳ್ಳುವಾಗಲೇ ಇದ್ದದ್ದು, ಹತ್ತಿಕೊಳ್ಳುವಾಗ ಲಾರಿ ಸ್ಟಾರ್ಟ್ ಆದ ಹಾಗೆ ಸದ್ದು ಮಾಡುತ್ತಿತ್ತು. ಅದೇ ಹೊತ್ತಿಗೆ ಒಬ್ಬ ಹುಡುಗ ಬಾಗಿಲು ತಟ್ಟಿದ. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಟ್ಯಾಬ್ಲೆಟ್ಟು. 'ಸರ್ಕಾರದ ಯೋಜನೆ, ಬಾಯ್ಲರ್ ಪೂರ್ತಿ ಉಚಿತ' ಅಂದ. ಚಹಾ ಕೊಟ್ಟು ಕೂರಿಸಿ, ಓದದೆ ಸಹಿ ಹಾಕಿದೆ. ನಾಲ್ಕನೇ ದಿನ ಆ ಕಂಪನಿಯಿಂದ ಫೋನು: 'ನಿಮ್ಮ ಪಾಲು 1,800 ಪೌಂಡ್ ಬರುತ್ತದೆ.' ಮನೆಗೇ ಬಂದು ಮಾಡಿಸಿಕೊಂಡ ಕರಾರನ್ನು 14 ದಿನದೊಳಗೆ ರದ್ದು ಮಾಡಬಹುದು ಎಂಬ ಕಾನೂನು ಇಲ್ಲಿದೆ. ಅದು ನನಗೆ ಗೊತ್ತಿರಲಿಲ್ಲ. ಪುಕ್ಕಟೆ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಗೆ ಫೋನ್ ಮಾಡಿದಾಗ ಅವರು ಹೇಳಿದರು. ಇಮೇಲ್ ಬರೆದು ರದ್ದು ಮಾಡಿದೆ. ಕರೆ ಇಡುವ ಮುಂಚೆ ಆಕೆ ಇನ್ನೊಂದು ಮಾತು ಹೇಳಿದರು: 'ನಿಮ್ಮ ಕೌನ್ಸಿಲ್‌ನವರನ್ನು ಕೇಳಿದ್ದೀರಾ?'

ಕೌನ್ಸಿಲ್ ಅಂದರೆ ಇಲ್ಲಿನ ಸ್ಥಳೀಯ ಆಡಳಿತ. ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ ನಾಚಿಕೆ. ಹಾಸನದ ಕಡೆಯ ನಮ್ಮಂಥ ಮನೆಗಳಲ್ಲಿ ಕೈ ಚಾಚುವುದು ಸಾಯುವುದಕ್ಕೆ ಸಮ. ಇಲ್ಲಿನ ಕನ್ನಡದವರು ಸೇರಿದಾಗಲೂ ಎಲ್ಲರ ಮನೆಯೂ ಬೆಚ್ಚಗೇ ಇರುತ್ತದೆ, ಮಾತಿನಲ್ಲಿ. ಮನೆ ಬೆಚ್ಚಗಾಗಿಸಲು ಕೊಡುವ ಈ ದುಡ್ಡು ಬರುವುದು ಯಾರದೋ ದಾನದಿಂದಲ್ಲ, ನಾವೆಲ್ಲ ಕಟ್ಟುವ ಬಿಲ್ಲಿನಿಂದಲೇ ಅಂತ ಆಮೇಲೆ ಗೊತ್ತಾಯಿತು. ಈಕೋ 4 ಎಂಬ ಯೋಜನೆಯಲ್ಲಿ ದೊಡ್ಡ ಗ್ಯಾಸ್–ಕರೆಂಟ್ ಕಂಪನಿಗಳು ಬಡ ಮನೆಗಳ ರಿಪೇರಿಗೆ ಖರ್ಚು ಮಾಡಲೇಬೇಕಿತ್ತು, ಆ ಖರ್ಚನ್ನು ಗಿರಾಕಿಗಳ ಬಿಲ್ಲಿನಲ್ಲೇ ಹಂಚುತ್ತಿದ್ದರು. ಹತ್ತು ವರ್ಷ ನಾನೂ ಇಂಥ ಯೋಜನೆಗಳಿಗೆ ಕಟ್ಟಿದ್ದೆ. ಇದು ತಿಳಿದ ಮೇಲೆ ನಾಚಿಕೆ ಬಿಟ್ಟೆ.

ಯೂನಿವರ್ಸಲ್ ಕ್ರೆಡಿಟ್, ಪೆನ್ಷನ್ ಕ್ರೆಡಿಟ್‌ನಂಥ ಭತ್ಯೆ ಬರುವವರಿಗೆ ಈಕೋ 4ರ ಬಾಗಿಲು ನೇರವಾಗಿತ್ತು. ನಾವು ಯಾವುದನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅಂಥವರಿಗೆ 'ಫ್ಲೆಕ್ಸ್' ಎಂಬ ಪಕ್ಕದ ಬಾಗಿಲು ಇತ್ತು. ಮನೆಯ ಒಟ್ಟು ವಾರ್ಷಿಕ ಆದಾಯ 31 ಸಾವಿರ ಪೌಂಡ್ ಒಳಗಿದ್ದರೆ ಕೌನ್ಸಿಲ್ ಒಂದು ಘೋಷಣಾ ಪತ್ರ ಕೊಡುತ್ತಿತ್ತು. ಹೃದಯ, ಶ್ವಾಸಕೋಶದ ಕಾಯಿಲೆ ಇದ್ದವರಿಗೆ ಡಾಕ್ಟರ ಶಿಫಾರಸಿನ ಮೇಲೆ ಇನ್ನೊಂದು ದಾರಿಯೂ ಇತ್ತು. ನಮಗೆ ಆದಾಯದ ದಾರಿಯೇ ಸಾಕಾಯಿತು. (ನಮ್ಮಿಬ್ಬರದೂ ಬ್ರಿಟಿಷ್ ಪಾಸ್‌ಪೋರ್ಟ್. ವೀಸಾದ ಮೇಲೆ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್', ಅಂದರೆ ಸರ್ಕಾರದ ಭತ್ಯೆ ಪಡೆಯುವ ಹಾಗಿಲ್ಲ, ಎಂಬ ಷರತ್ತು ಇರುವವರು, ಯಾರೋ ಹೇಳಿದರು ಅಂತ ಮೊದಲು ಯೂನಿವರ್ಸಲ್ ಕ್ರೆಡಿಟ್‌ಗೆ ಅರ್ಜಿ ಹಾಕಿಬಿಡಬೇಡಿ, ವೀಸಾಕ್ಕೇ ಕುತ್ತು ಬರುತ್ತದೆ.)

ಕೌನ್ಸಿಲ್‌ನ ಆ ವಿಭಾಗದಲ್ಲಿ ಇದ್ದದ್ದು ಒಬ್ಬರೇ ಮಹಿಳೆ. ಮೊದಲ ಪ್ರಶ್ನೆ ಆದಾಯದ್ದಾಗಿರಲಿಲ್ಲ. 'ನಿಮ್ಮ ಇಪಿಸಿ ಯಾವ ಅಕ್ಷರ?' ಅಂದರು. ಮನೆಗೆ ಎಷ್ಟು ಶಕ್ತಿ ಬೇಕು ಅನ್ನುವುದಕ್ಕೆ 'ಎ'ಯಿಂದ 'ಜಿ'ವರೆಗೆ ಕೊಡುವ ದರ್ಜೆ ಅದು, 'ಎ' ಎಲ್ಲಕ್ಕೂ ಒಳ್ಳೆಯದು. ಸರ್ಕಾರದ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಪುಕ್ಕಟೆ ಸಿಗುತ್ತದೆ. ನಮ್ಮದು 'ಇ', ಅಂಕ 52. ಸ್ವಂತ ಮನೆಯವರಿಗೆ 'ಡಿ' ಅಥವಾ ಅದಕ್ಕಿಂತ ಕೆಳಗಿದ್ದರೆ ಮಾತ್ರ ಅರ್ಹತೆ ಇತ್ತು. ಎರಡನೇ ಪ್ರಶ್ನೆಗೆ ನಾನು ಸಿದ್ಧಳಿರಲಿಲ್ಲ: 'ಹೊರಗೆ ಹೋಗಿ ಗೋಡೆಯ ಇಟ್ಟಿಗೆ ನೋಡಿ ಬನ್ನಿ.'

ಫೋನ್ ಹಿಡಿದೇ ಹೋದೆ. ಎಲ್ಲ ಇಟ್ಟಿಗೆಗಳ ಉದ್ದನೆಯ ಮೈ ಮಾತ್ರ ಕಂಡರೆ ಒಳಗೆ ಎರಡು ಗೋಡೆ, ಮಧ್ಯೆ ಸಂದು. ಉದ್ದ ಒಂದು, ಗಿಡ್ಡ ಒಂದು ಅಂತ ಕಂಡರೆ ಒಂದೇ ಗಟ್ಟಿ ಗೋಡೆ. ನಮ್ಮದು 1930ರ ದಶಕದ ಮನೆ, ಎಲ್ಲ ಉದ್ದನೆಯವೇ. 'ಹಾಗಾದರೆ ಸಂದು ಇದೆ. ಅದು ತುಂಬದೆ, ಅಟ್ಟಕ್ಕೆ ಶಾಖ ತಡೆಯುವ ಹೊದಿಕೆ ಹಾಕದೆ, ಬಾಯ್ಲರ್ ಮಾತು ಎತ್ತುವ ಹಾಗಿಲ್ಲ' ಅಂದರು. ಈಕೋ 4ರ ನಿಯಮವೇ ಅದಾಗಿತ್ತು. ಮೊದಲು ಸೋರುವ ಕೊಡಕ್ಕೆ ತೇಪೆ, ಆಮೇಲೆ ನೀರು. ಬಾಗಿಲಿಗೆ ಬಂದ ಹುಡುಗ ಗೋಡೆಯ ಕಡೆ ತಿರುಗಿಯೂ ನೋಡಿರಲಿಲ್ಲ ಅನ್ನುವುದು ಆಗ ನೆನಪಾಯಿತು.

ಕಾಗದಪತ್ರಕ್ಕೆ ತಿಂಗಳು ಹಿಡಿಯಿತು. ಸಂಬಳದ ಚೀಟಿ, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಕೌನ್ಸಿಲ್ ತೆರಿಗೆ ಬಿಲ್ಲು, ಮನೆ ನಮ್ಮದೆನ್ನಲು ಲ್ಯಾಂಡ್ ರಿಜಿಸ್ಟ್ರಿಯ ಪ್ರತಿ. ಸಿಕ್ಕಿಹಾಕಿಕೊಂಡದ್ದು ಹೆಸರಿನಲ್ಲಿ. ನಮ್ಮನೆಯವರ ಇನಿಷಿಯಲ್‌ಗಳನ್ನು ಪಾಸ್‌ಪೋರ್ಟ್ ಮಾಡಿಸುವಾಗ ಬಿಡಿಸಿ ಬರೆದಿದ್ದರಿಂದ ಅವರ ಊರಿನ ಹೆಸರೇ ಇಲ್ಲಿ ಸರ್‌ನೇಮ್ ಆಗಿ ಕೂತಿದೆ. ಮನೆಯ ಪತ್ರದಲ್ಲಿ ಊರು, ಅಪ್ಪ, ಸ್ವಂತ ಹೆಸರು ಮೂರೂ; ಸಂಬಳದ ಚೀಟಿಯಲ್ಲಿ ಎರಡಕ್ಷರ ಮತ್ತು ಹೆಸರು. ಕಂಪ್ಯೂಟರಿಗೆ ಇವರಿಬ್ಬರೂ ಬೇರೆ ಬೇರೆ ಗಂಡಸರು. ಕೊನೆಗೆ ಅವರ ಕಂಪನಿಯ ಲೆಟರ್‌ಹೆಡ್‌ನಲ್ಲಿ 'ಇಬ್ಬರೂ ಒಬ್ಬರೇ' ಅಂತ ಬರೆಸಿಕೊಂಡು ಬಂದೆವು. ನಮ್ಮವರು ಯಾರೇ ಅರ್ಜಿ ಹಾಕುವುದಿದ್ದರೂ ಈ ಹೆಸರಿನ ಗಂಟನ್ನು ಮೊದಲು ಬಿಡಿಸಿಟ್ಟುಕೊಳ್ಳಿ.

ಘೋಷಣಾ ಪತ್ರ ಬಂದ ಮೇಲೆ ಕೌನ್ಸಿಲ್ ಕೊಟ್ಟ ಪಟ್ಟಿಯಿಂದ ಒಂದು ಗುತ್ತಿಗೆ ಕಂಪನಿಯನ್ನು ಆರಿಸಿ, ಕೆಲಸದ ಗುಣಮಟ್ಟಕ್ಕೆ ಸರ್ಕಾರ ಒಪ್ಪಿದ ಟ್ರಸ್ಟ್‌ಮಾರ್ಕ್ ನೋಂದಣಿ ಇದೆಯೇ ಅಂತ ನಾನೇ ವೆಬ್‌ಸೈಟಿನಲ್ಲಿ ನೋಡಿಕೊಂಡೆ. ಅವರ ಕಡೆಯ ಅಸೆಸರ್ ಬಂದು ಎರಡು ಗಂಟೆ ಮನೆಯೆಲ್ಲ ಅಳೆದ. ಕಿಟಕಿ, ರೇಡಿಯೇಟರ್ ಒಂದೊಂದರ ಫೋಟೋ. ಮಗಳ ಕೋಣೆಯ ಬೀರು ಸರಿಸಿ ಹಿಂದಿನ ಕಪ್ಪು ಬೂಷ್ಟನ್ನೂ ಬಿಡಲಿಲ್ಲ. ನನಗೆ ನೆಲ ಕುಸಿದರೆ ಸಾಕು ಅನ್ನಿಸಿತು. ಅವನಿಗೆ ಅದೇ ಮುಖ್ಯವಾಗಿತ್ತು, ಯಾಕೆ ಅನ್ನುವುದು ಮುಂದೆ ತಿಳಿಯಿತು.

ಏಣಿ ಹತ್ತಿ ಅಟ್ಟದ ಮುಚ್ಚಳ ಎತ್ತಿದವನು ಕೆಳಗೆ ನೋಡಿ ನಕ್ಕ. ಊರಿಂದ ಬಂದ ಸೂಟ್‌ಕೇಸುಗಳು, ಅತ್ತೆ ಕೊಟ್ಟ ಹಿತ್ತಾಳೆ ಕೊಳಗ, ದಸರಾ ಗೊಂಬೆಯ ಆರು ಪೆಟ್ಟಿಗೆ. ಅವುಗಳ ಕೆಳಗೆ ಹಳದಿ ಗಾಜಿನುಣ್ಣೆ ನಾಲ್ಕು ಬೆರಳೂ ಇಲ್ಲದಷ್ಟು ತೆಳ್ಳಗಾಗಿ, ಹಪ್ಪಳದ ಹಾಗೆ ಒತ್ತಿಕೊಂಡಿತ್ತು. ಈಗ ಹಾಕುವುದು 270 ಮಿಲಿಮೀಟರ್, ಹತ್ತಿರ ಹತ್ತಿರ ಒಂದು ಅಡಿ. ಅದು ಉಬ್ಬಿಕೊಂಡಿದ್ದರೇ ಕೆಲಸ ಮಾಡುವುದು, ಮೇಲೆ ಸಾಮಾನು ಹೇರಿದರೆ ಸತ್ತಂತೆ. ಅಟ್ಟ ಖಾಲಿ ಮಾಡುವುದೂ ನಮ್ಮದೇ ಕೆಲಸ. ಮೇಲೆ ಎತ್ತರಿಸಿ ಹಲಗೆ ಹಾಕಿಸಿಕೊಳ್ಳಬಹುದು, ಆದರೆ ನಮಗೆ ಅದರ ಖರ್ಚು ಅನುದಾನದಲ್ಲಿ ಸಿಗಲಿಲ್ಲ. ಕೊಳಗ ಮುಂದಿನ ಕೋಣೆಗೆ ಇಳಿಯಿತು, ಗೊಂಬೆಗಳು ಮಗಳ ಮಂಚದ ಕೆಳಗೆ. ಸೂಟ್‌ಕೇಸು ಐದರಲ್ಲಿ ಮೂರನ್ನು ಕೊಟ್ಟುಬಿಟ್ಟೆವು. ನಮ್ಮನೆಯವರು ಅವತ್ತು ಊಟ ಮಾಡುವಾಗ ಮಾತಾಡಲಿಲ್ಲ.

ಗೋಡೆಯ ಕೆಲಸ ಅರ್ಧ ದಿನ. ಮೊದಲು ಒಂದು ತೂತು ಕೊರೆದು ಸಣ್ಣ ಕ್ಯಾಮೆರಾ ಬಿಟ್ಟು, ಸಂದಿನೊಳಗೆ ಗಾರೆ ಉಂಡೆ, ಇಟ್ಟಿಗೆ ಚೂರು ಬಿದ್ದಿಲ್ಲವೆಂದು ನೋಡಿದರು. ಬಿದ್ದಿದ್ದರೆ ಹೊರಗಿನ ಮಳೆ ನೀರು ಅದರ ಮೇಲೆ ಹಾದು ಒಳಗೋಡೆಗೆ ಬರುತ್ತದೆ. ಈ ಪರೀಕ್ಷೆಯನ್ನು ಬಿಡಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಆಮೇಲೆ ಗಾರೆಯ ಸಾಲಿನಲ್ಲಿ ಹೆಬ್ಬೆರಳ ಗಾತ್ರದ ತೂತುಗಳು, ಲಾರಿಯಿಂದ ಪೈಪು, ಪೈಪಿನಿಂದ ಬೂದು ಬಣ್ಣದ ಸಬ್ಬಕ್ಕಿ. ಅಂಟು ಸವರಿದ ಪಾಲಿಸ್ಟೈರೀನ್ ಕಾಳು ಅದು. ಸಿಂಕಿನ ಪೈಪ್ ಹೊರಹೋಗುವಲ್ಲಿ ಬಿಟ್ಟಿದ್ದ ಸಂದಿನಿಂದ ಒಂದು ಬೋಗುಣಿಯಷ್ಟು ಅಡುಗೆಮನೆಗೂ ಬಂತು. ತಿಂಗಳಾದರೂ ಗುಡಿಸುವಾಗ ಎರಡು ಕಾಳು ಸಿಗುತ್ತಿದ್ದವು.

ಅಷ್ಟೆಲ್ಲ ಸಂದು ಮುಚ್ಚಿದ ಮೇಲೆ ಇನ್ನೊಬ್ಬ ಬಂದು ಒಳಬಾಗಿಲುಗಳ ತಳವನ್ನೇ ಗರಗಸದಿಂದ ಕುಯ್ಯತೊಡಗಿದ! ಬಚ್ಚಲಿಗೂ ಅಡುಗೆಮನೆಗೂ ಸದಾ ತಿರುಗುವ ಫ್ಯಾನು ಬೇರೆ. ಗಾಳಿ ಒಳಗೆ ಬಿಡುವುದಕ್ಕಾ ಇಷ್ಟು ದಿನ ಓಡಾಡಿದ್ದು ಅಂತ ಜಗಳಕ್ಕೇ ನಿಂತೆ. ಅವರ ಕೋಆರ್ಡಿನೇಟರ್ ಫೋನಿನಲ್ಲಿ ವಿವರಿಸಿದರು: ಮುಂಚೆ ಬಿರುಕುಗಳಿಂದ ಹೋಗುತ್ತಿದ್ದ ಆವಿ ಈಗ ಹೋಗಲು ದಾರಿ ಬೇಕು, ಇಲ್ಲದಿದ್ದರೆ ತಣ್ಣಗಿನ ಮೂಲೆಯಲ್ಲಿ ನೀರಾಗಿ ಬೂಷ್ಟು. ನಾನು ತಲೆಯಾಡಿಸಿ, ಅವರೆಲ್ಲ ಹೋದ ಮೇಲೆ ಕರೆಂಟು ಉಳಿಸಲು ಎರಡೂ ಫ್ಯಾನಿನ ಸ್ವಿಚ್ ಆರಿಸಿದೆ. ದಿನಾ ಅನ್ನ ಬಸಿಯುವ, ಒಗ್ಗರಣೆ ಹಾಕುವ, ಬಟ್ಟೆಯನ್ನು ರೇಡಿಯೇಟರ್ ಮೇಲೆ ಒಣಗಿಸುವ ಮನೆ. ಆರು ವಾರಕ್ಕೆ ಬೀರುವಿನ ಹಿಂದೆ ಅದೇ ಕಪ್ಪು ಚುಕ್ಕೆ, ಮೊದಲಿಗಿಂತ ಜಾಸ್ತಿ. ಒರೆಸಿ, ಸ್ವಿಚ್ ಹಾಕಿ, ಆರದ ಹಾಗೆ ಅದರ ಮೇಲೆ ಟೇಪ್ ಅಂಟಿಸಿದೆ. ಆ ಫ್ಯಾನು ತಿನ್ನುವುದು ಕೆಲವೇ ವಾಟ್.

ಬಾಯ್ಲರ್ ಬಂದದ್ದು ಎಲ್ಲಕ್ಕೂ ಕೊನೆಗೆ, 2023ರ ಅಕ್ಟೋಬರ್‌ನಲ್ಲಿ. ಫೆಬ್ರವರಿಯಲ್ಲಿ ಶುರು ಮಾಡಿದ ಕೆಲಸ. ಅದರ ಬಗ್ಗೆ ಹೇಳುವುದು ಹೆಚ್ಚಿಲ್ಲ. ಹಾಕಿದವನು ನೀರಿನ ಬಿಸಿಯನ್ನು 75 ಡಿಗ್ರಿಗೆ ಇಟ್ಟು ಹೋಗಿದ್ದ, ನಾವು ಕೈಪಿಡಿ ಓದಿ 58ಕ್ಕೆ ಇಳಿಸಿದೆವು. ಹೊಗೆಯಲ್ಲಿ ಹೋಗುವ ಶಾಖವನ್ನೂ ಹಿಡಿದುಕೊಳ್ಳುವ ಈ ಕಂಡೆನ್ಸಿಂಗ್ ಬಾಯ್ಲರ್‌ಗಳಿಗೆ ರೇಡಿಯೇಟರಿನಿಂದ ವಾಪಸು ಬರುವ ನೀರು ತಣ್ಣಗಿದ್ದಷ್ಟೂ ಗ್ಯಾಸ್ ಕಡಿಮೆ. ಇಪಿಸಿ 'ಸಿ'ಗೆ ಏರಿತು. ಬೆಳಿಗ್ಗೆ ಅದೇ ಥರ್ಮಾಮೀಟರ್ 17, ಹೀಟಿಂಗ್ ಹಾಕುವ ಮುಂಚೆಯೇ. ನಮ್ಮ ಕೈಯಿಂದ ಹೋದದ್ದು ಲ್ಯಾಂಡ್ ರಿಜಿಸ್ಟ್ರಿಯ ಮೂರು ಪೌಂಡ್, ಮತ್ತೆ ಬಾಗಿಲು ಕುಯ್ದಲ್ಲಿ ಬಳಿದ ಬಣ್ಣ.

ಈಗ ಶುರು ಮಾಡುವವರಿಗೆ ನಮ್ಮ ದಾರಿ ಹಾಗೇ ಸಿಗುವುದಿಲ್ಲ. 2025ರ ನವೆಂಬರ್ ಬಜೆಟ್‌ನಲ್ಲಿ ಈಕೋ ಮುಂದುವರಿಯುವುದಿಲ್ಲ ಎಂದು ಘೋಷಿಸಿದರು. ಇಂಗ್ಲೆಂಡಿನಲ್ಲಿ ಈಗ ಕೇಳಬೇಕಾದ ಹೆಸರು 'ವಾರ್ಮ್ ಹೋಮ್ಸ್ ಲೋಕಲ್ ಗ್ರಾಂಟ್'. 2025ರಿಂದ ಕೌನ್ಸಿಲ್‌ಗಳ ಮೂಲಕವೇ ನಡೆಯುತ್ತಿದೆ. ಆದಾಯ ಮಿತಿ 36 ಸಾವಿರ ಪೌಂಡ್, ಇಪಿಸಿ 'ಡಿ'ಯಿಂದ 'ಜಿ', ಬಾಡಿಗೆ ಮನೆಯವರಿಗೂ ಮಾಲೀಕರ ಒಪ್ಪಿಗೆ ಇದ್ದರೆ ಅವಕಾಶ. ಗ್ಯಾಸ್ ಬಾಯ್ಲರ್ ಅದರಲ್ಲಿಲ್ಲ, ಹೊರಗಿನ ಶಾಖವನ್ನು ಕರೆಂಟಿನಿಂದ ಮನೆಯೊಳಗೆ ತರುವ ಹೀಟ್ ಪಂಪ್ ಇದೆ.

ಒಂದು ಎಚ್ಚರಿಕೆ. ಒಂದೇ ಗಟ್ಟಿ ಗೋಡೆಯ ಮನೆಗೆ ಹೊರಗಿನಿಂದ ಹೊದಿಕೆ ಹಾಕುತ್ತೇವೆ ಅಂದರೆ ನಿಧಾನಿಸಿ. 2025ರ ಅಕ್ಟೋಬರ್‌ನಲ್ಲಿ ಇಲ್ಲಿನ ರಾಷ್ಟ್ರೀಯ ಲೆಕ್ಕ ಪರಿಶೋಧನಾ ಕಚೇರಿ, ಈಕೋ 4ರಂಥ ಯೋಜನೆಗಳಲ್ಲಿ ಹಾಗೆ ಮಾಡಿದ ಕೆಲಸದಲ್ಲಿ ನೂರಕ್ಕೆ 98ರಲ್ಲಿ ದೊಡ್ಡ ದೋಷವಿದೆ ಎಂದು ವರದಿ ಕೊಟ್ಟಿತು. ಕೆಲಸ ಮುಗಿದ ದಿನ ಫೋಟೋ ತೆಗೆದಿಡಿ. ಗೋಡೆಗೆ 25 ವರ್ಷದ ಗ್ಯಾರಂಟಿ ಪತ್ರ ನಮಗೆ ಬಂದದ್ದು ಎರಡು ಸಲ ಜ್ಞಾಪಿಸಿದ ಮೇಲೆ, ಡಿಸೆಂಬರ್‌ನಲ್ಲಿ. ಮನೆ ಮಾರುವಾಗ ವಕೀಲರು ಅದನ್ನೇ ಕೇಳುತ್ತಾರಂತೆ, ಪಾಸ್‌ಪೋರ್ಟ್ ಇಡುವ ಡಬ್ಬಿಯಲ್ಲೇ ಇಟ್ಟಿದ್ದೇನೆ.